ಅಂಕಣಕ್ಕೊಂದು ಲೆಕ್ಕ, ಮೂತಿಗೊಂದು ಹೆಸರು: ನಾರ್ಸ್ ಜನರು ಯುದ್ಧನೌಕೆಗಳನ್ನು ಗುರುತಿಸಿದ ಬಗೆ

2025ರ ಆಗಸ್ಟ್ ಕೊನೆಯಲ್ಲಿ ನಾರ್ವೆ ಸರ್ಕಾರವು ಬ್ರಿಟನ್ನಿನಿಂದ ಕನಿಷ್ಠ ಐದು ‘ಟೈಪ್ 26’ ಫ್ರಿಗೇಟ್‌ಗಳನ್ನು ಪಡೆಯುವ ನಿರ್ಧಾರವನ್ನು ಪ್ರಕಟಿಸಿತು. ಆ ಸುದ್ದಿಯನ್ನು ಓದಿದವರ ಕಣ್ಣಿಗೆ ಹಲವು ಅಪರಿಚಿತ ಪದಗಳು ಒಟ್ಟಿಗೇ ಬಿದ್ದಿರಬೇಕು: ಫ್ರಿಗೇಟ್, ಕಾರ್ವೆಟ್, ‘ಫ್ರಿಟ್‌ಯೋಫ್ ನಾನ್ಸೆನ್ ವರ್ಗ’, ‘ಕೆಎನ್‌ಎಂ’, ‘ಎಫ್ 310’. ಒಂದೇ ಹಡಗಿಗೆ ಇಷ್ಟೊಂದು ಗುರುತುಗಳು ಏಕೆ ಬೇಕು, ಅವುಗಳಲ್ಲಿ ಯಾವುದು ಹೆಸರು, ಯಾವುದು ವರ್ಗ ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರ ಹುಡುಕಲು ಹೊರಟರೆ ನಾವು ಸಾವಿರ ವರ್ಷ ಹಿಂದಕ್ಕೆ, ಇದೇ ನಾರ್ವೆಯ ಕರಾವಳಿಯ ಹುಟ್ಟುಗಾರರ ಬಳಿಗೆ ಹೋಗಬೇಕಾಗುತ್ತದೆ. ಏಕೆಂದರೆ ಹಡಗನ್ನು ಅಳೆಯುವುದು ಬೇರೆ, ಹಡಗನ್ನು ಕರೆಯುವುದು ಬೇರೆ ಎಂಬ ವಿಂಗಡಣೆ ಅವರಲ್ಲಿ ಅತ್ಯಂತ ಸ್ಪಷ್ಟವಾಗಿತ್ತು.

ಮೊದಲು ಒಂದು ಪದದ ಅರ್ಥ. ‘ನಾರ್ಸ್’ ಎಂದರೆ ಸುಮಾರು 8ರಿಂದ 13ನೆಯ ಶತಮಾನದವರೆಗೆ ಇಂದಿನ ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಮತ್ತು ಐಸ್‌ಲೆಂಡ್‌ಗಳಲ್ಲಿ ಒಂದೇ ಮೂಲದ ನುಡಿಯನ್ನಾಡುತ್ತಿದ್ದ ಜನ. ‘ವೈಕಿಂಗ್’ ಎಂಬುದು ಇಡೀ ಜನಾಂಗದ ಹೆಸರಲ್ಲ. ಕಡಲ ಮೇಲೆ ದಾಳಿಗೆ ಹೊರಟವನಿಗೆ ಆ ಹೆಸರು. ಆ ಕಾಲದ ಬಹುಪಾಲು ಜನರು ಬೇಸಾಯ ಮಾಡುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಮತ್ತು ರಾಜನ ಕರೆ ಬಂದಾಗ ಹುಟ್ಟು ಹಿಡಿಯುತ್ತಿದ್ದರು.

ಹಡಗಿಗೂ ಅಂಕಣದ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಯ ಗಾತ್ರವನ್ನು ಹೇಳುವಾಗ ಅಡಿ, ಮೀಟರುಗಳ ಮಾತು ಬರುವುದಿಲ್ಲ. ‘ಮೂರಂಕಣದ ಮನೆ’, ‘ಎಂಟಂಕಣದ ಮನೆ’ ಎನ್ನುತ್ತಾರೆ. ಅಂಕಣ ಎಂದರೆ ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಜಾಗ. ಎಷ್ಟು ಅಂಕಣ ಎಂದು ತಿಳಿದರೆ ಕೇಳಿದವನಿಗೆ ಮನೆಯ ಉದ್ದ ಮಾತ್ರವಲ್ಲ, ಅದನ್ನು ಕಟ್ಟಿಸಿದವನ ಅನುಕೂಲವೂ, ಅಲ್ಲಿ ಎಷ್ಟು ಜನ ಬಾಳಬಹುದು ಎಂಬುದೂ ಅಂದಾಜಾಗುತ್ತದೆ.

ನಾರ್ಸ್ ಜನರ ಯುದ್ಧನೌಕೆಯ ಅಳತೆಯೂ ಇದೇ ರೀತಿಯದು. ಹಡಗಿನ ಒಡಲಿಗೆ ಅಡ್ಡಲಾಗಿ ಕೂರಿಸಿದ ಎರಡು ತೊಲೆಗಳ ನಡುವಿನ ಜಾಗವನ್ನು ಅವರು ‘ರೂಮ್’ ಎನ್ನುತ್ತಿದ್ದರು. ಅಲ್ಲಿ ಕೂರುವ ಸ್ಥಾನಕ್ಕೆ ‘ಸೆಸ್’ ಎಂದು ಹೆಸರು. ಒಂದೊಂದು ಅಂಕಣಕ್ಕೆ ಎಡಕ್ಕೊಂದು, ಬಲಕ್ಕೊಂದು ಹುಟ್ಟು. ಆದ್ದರಿಂದ ‘ಇಪ್ಪತ್ತರ ಹಡಗು’ ಎಂದರೆ 20 ಅಂಕಣಗಳ, 40 ಹುಟ್ಟುಗಳ ಹಡಗು. ‘ಮೂವತ್ತರ ಹಡಗು’ ಎಂದರೆ 60 ಹುಟ್ಟುಗಳ ಹಡಗು. ಸಣ್ಣ ದೋಣಿಗಳಿಗೆ ಮಾತ್ರ ಬೇರೆ ಲೆಕ್ಕವಿತ್ತು, ಅಲ್ಲಿ ಅಂಕಣದ ಬದಲು ಬಿಡಿ ಹುಟ್ಟುಗಳನ್ನೇ ಎಣಿಸುತ್ತಿದ್ದರು. ನಾಲ್ಕು ಹುಟ್ಟಿನ ದೋಣಿಗೆ ‘ಫೇರಿಂಗ್’, ಆರು ಹುಟ್ಟಿನದಕ್ಕೆ ‘ಸೆಕ್ಸೇರಿಂಗ್’ ಎಂಬ ಹೆಸರುಗಳು ನಾರ್ವೆಯ ಕರಾವಳಿಯಲ್ಲಿ ಇಂದಿಗೂ ಬಳಕೆಯಲ್ಲಿವೆ.

ಹಾಗಾದರೆ ದೋಣಿ ಎಲ್ಲಿ ಮುಗಿದು ಯುದ್ಧನೌಕೆ ಎಲ್ಲಿ ಆರಂಭವಾಗುತ್ತದೆ? ಪಶ್ಚಿಮ ನಾರ್ವೆಯ ‘ಗುಲಾತಿಂಗ್’ ಎಂಬ ಪ್ರಾಂತೀಯ ಸಭೆಯ ಕಾನೂನು ಇದಕ್ಕೊಂದು ಗೆರೆ ಎಳೆದಿತ್ತು: 13 ಅಂಕಣಕ್ಕಿಂತ ಚಿಕ್ಕದಾದ ಹಡಗನ್ನು ಅಂಕಣದ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ. ಇದು ಬರೀ ಕಾಗದದ ನಿಯಮವಾಗಿರಲಿಲ್ಲ ಎಂದು ಭಾವಿಸಲು ಕಾರಣವಿದೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಫ್ಯೋರ್ಡಿನ (ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ತೋಳು) ತಳದಿಂದ 1962ರಲ್ಲಿ ಮೇಲೆತ್ತಿದ ಐದು ಹಡಗುಗಳಲ್ಲಿ ಅತ್ಯಂತ ಚಿಕ್ಕ ಯುದ್ಧನೌಕೆಗೆ ಸುಮಾರು 17 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಅದರ ಹುಟ್ಟುಗಳು ಸರಿಯಾಗಿ 26, ಅಂದರೆ 13 ಜೊತೆ. ಬೇರೆ ನಾಡಿನ ಕಾನೂನು ಹೇಳಿದ ಕನಿಷ್ಠ ಗಾತ್ರವೇ ಇಲ್ಲಿನ ಕೆಸರಿನಲ್ಲಿ ಮರದ ರೂಪದಲ್ಲಿ ಉಳಿದಿತ್ತು.

ಈ ಲೆಕ್ಕ ಯಾರಿಗೆ ಬೇಕಿತ್ತು?

ಅಂದಿನ ರಾಜರ ಬಳಿ ಇಂದಿನ ಅರ್ಥದ ಕಾಯಂ ನೌಕಾಪಡೆ ಇರಲಿಲ್ಲ. ರಾಜನ ಮತ್ತು ದೊಡ್ಡ ಸರದಾರರ ಸ್ವಂತ ಹಡಗುಗಳನ್ನು ಬಿಟ್ಟರೆ, ಉಳಿದ ಪಡೆ ರೈತರಿಂದಲೇ ಒದಗಬೇಕಿತ್ತು. ಈ ವ್ಯವಸ್ಥೆಗೆ ‘ಲೈಡಾಂಗ್’ ಎಂದು ಹೆಸರು. ಕರಾವಳಿಯನ್ನು ‘ಶಿಪ್‌ರೈಡೆ’ ಎಂಬ ಸಣ್ಣ ವಿಭಾಗಗಳಾಗಿ ಹಂಚಲಾಗಿತ್ತು. ಗಾತ್ರದಲ್ಲಲ್ಲದಿದ್ದರೂ ಕೆಲಸದಲ್ಲಿ ನಮ್ಮ ಹೋಬಳಿಯಂಥ ಒಂದು ಆಡಳಿತ ಘಟಕ ಎಂದು ಭಾವಿಸಬಹುದು. ಪ್ರತಿ ಘಟಕವೂ ಒಂದು ಹಡಗನ್ನು ಕಟ್ಟಿ, ಕಾಪಾಡಿ, ಕರೆ ಬಂದಾಗ ಅದಕ್ಕೆ ಬೇಕಾದ ಜನರನ್ನೂ ಬುತ್ತಿಯನ್ನೂ ಆಯುಧಗಳನ್ನೂ ಒದಗಿಸಬೇಕಿತ್ತು. ಗುಲಾತಿಂಗ್ ಕಾನೂನಿನಲ್ಲಿ ಯಾವ ಪ್ರಾಂತ್ಯ ಎಷ್ಟು ಹಡಗು ಕೊಡಬೇಕು, ಅವು ಎಷ್ಟು ಅಂಕಣದವಾಗಿರಬೇಕು ಎಂಬ ಪಟ್ಟಿಯೇ ಇದೆ. ಇಡೀ ದೇಶದ ಬಾಬ್ತು ಸೇರಿದರೆ ಸುಮಾರು 300 ಹಡಗುಗಳು, ಅವುಗಳಲ್ಲಿ ಹೆಚ್ಚಿನವು 20 ಅಥವಾ 25 ಅಂಕಣದವು.

ಇಲ್ಲಿಗೆ ಬಂದಾಗ ಅಂಕಣದ ಲೆಕ್ಕದ ಜಾಣ್ಮೆ ಅರ್ಥವಾಗುತ್ತದೆ. ಹಡಗಿನ ಉದ್ದವನ್ನು ಮೊಳಗಳಲ್ಲಿ ಹೇಳಿದ್ದರೆ ರಾಜನ ಅಧಿಕಾರಿಗೆ ಪ್ರಯೋಜನವಾಗುತ್ತಿರಲಿಲ್ಲ, ಅವನಿಗೆ ಬೇಕಾಗಿದ್ದುದು ಜನರ ಸಂಖ್ಯೆ. 20 ಅಂಕಣ ಎಂದೊಡನೆ ಹುಟ್ಟು ಹಾಕುವವರೇ 40 ಜನ, ಅವರಿಗೆ ಇಷ್ಟು ದಿನಕ್ಕೆ ಇಷ್ಟು ಹಿಟ್ಟು, ಇಷ್ಟು ಬೆಣ್ಣೆ ಎಂದು ಲೆಕ್ಕ ಹಾಕಬಹುದಿತ್ತು. ಆಯುಧದ ಲೆಕ್ಕವೂ ಅಂಕಣವನ್ನೇ ಹಿಡಿದಿತ್ತು: ಒಂದು ಹುಟ್ಟುಮಣೆಗೆ ಒಂದು ಬಿಲ್ಲು, ಎರಡು ಡಜನ್ ಬಾಣ. ಹೀಗೆ ವರ್ಗೀಕರಣದ ಒಂದೇ ಸಂಖ್ಯೆ ಹಡಗಿನ ಗಾತ್ರವನ್ನೂ ಪಡೆಯ ಬಲವನ್ನೂ ರೈತನ ಹೊರೆಯನ್ನೂ ಒಟ್ಟಿಗೆ ಹೇಳುತ್ತಿತ್ತು. ಇಷ್ಟು ಅಡಕವಾದ ಅಳತೆಗೋಲು ಮುಂದಿನ ಯಾವ ನೌಕಾಪಡೆಗೂ ಸಿಕ್ಕಿಲ್ಲ ಎಂದೇ ನನಗೆ ತೋರುತ್ತದೆ.

ಬಗೆಯನ್ನು ಹೇಳುವ ಪದಗಳು

ಸಂಖ್ಯೆಯ ಜೊತೆಗೆ ಬಗೆಯನ್ನು ಸೂಚಿಸುವ ಪದಗಳೂ ಇದ್ದವು. ಉದ್ದನೆಯ, ಕಿರಿದಾದ, ಯುದ್ಧಕ್ಕೆಂದೇ ಕಟ್ಟಿದ ಎಲ್ಲ ಹಡಗುಗಳಿಗೂ ಒಟ್ಟಾಗಿ ‘ಲಾಂಗ್‌ಸ್ಕಿಪ್’, ಅಂದರೆ ಉದ್ದ ಹಡಗು ಎಂಬ ಹೆಸರು. ಅದರೊಳಗೆ ‘ಸ್ನೆಕ್ಯಾ’ ಎಂಬುದು ಸುಮಾರು 20 ಅಂಕಣದ, ಹಗುರಾದ, ವೇಗದ ಹಡಗು. ‘ಸ್ಕೈಡ್’ ಎಂಬುದು ಅದಕ್ಕಿಂತ ದೊಡ್ಡದು, ಸಾಮಾನ್ಯವಾಗಿ ಸರದಾರರದು. ‘ಕಾರ್ಫಿ’ ಚಿಕ್ಕದು, ಪ್ರಯಾಣಕ್ಕೂ ಅಗತ್ಯ ಬಿದ್ದರೆ ಹೋರಾಟಕ್ಕೂ ಒದಗುವಂಥದ್ದು. ಸರಕು ಸಾಗಿಸುವ ಹೊಟ್ಟೆ ಅಗಲದ ಹಡಗು ‘ಕ್ನಾರ್’. ಇದು ಹುಟ್ಟಿಗಿಂತ ಹಾಯಿಯನ್ನೇ ನಂಬಿದ ಹಡಗು.

ಈ ಪದಗಳನ್ನು ಇಂದಿನ ‘ಫ್ರಿಗೇಟ್’, ‘ಕಾರ್ವೆಟ್’ಗಳ ಹಾಗೆ ಗೆರೆ ಕೊರೆದು ಬೇರ್ಪಡಿಸಲು ಸಾಧ್ಯವಿಲ್ಲ. ಒಂದೇ ಹಡಗನ್ನು ಒಬ್ಬ ಕವಿ ಸ್ನೆಕ್ಯಾ ಎಂದೂ ಇನ್ನೊಬ್ಬ ಸ್ಕೈಡ್ ಎಂದೂ ಕರೆದಿರಬಹುದು. ಕಾನೂನಿಗೆ ಸಂಖ್ಯೆ ಸಾಕಾಗಿತ್ತು, ಪದಗಳು ಆಡುಮಾತಿನಲ್ಲಿ ಮತ್ತು ಕಾವ್ಯದಲ್ಲಿ ಓಡಾಡುತ್ತಿದ್ದವು. ‘ಡ್ರೆಕಿ’ ಎಂಬ ಪದವನ್ನು ಗಮನಿಸಿ. ಅದರ ಅರ್ಥ ಡ್ರ್ಯಾಗನ್. ಆದರೆ ಅದು ಹಡಗಿನ ವಿನ್ಯಾಸವನ್ನು ಹೇಳುವುದಿಲ್ಲ. ಮುಂಭಾಗದಲ್ಲಿ ಘಟಸರ್ಪದಂಥ ತಲೆಯನ್ನು ಕೆತ್ತಿಸಿ ಕೂರಿಸಿದ ದೊಡ್ಡ ಹಡಗು ಎಂಬುದಷ್ಟೇ ಅದರ ಸೂಚನೆ. ಹೀಗೆ ಬಗೆಯ ಮಾತು ನಿಧಾನವಾಗಿ ಹೆಸರಿನ ಮಾತಿಗೆ ತಿರುಗುತ್ತದೆ.

ಮೂತಿಯಿಂದ ಹುಟ್ಟಿದ ಹೆಸರುಗಳು

ರೈತರು ಒದಗಿಸಿದ ಹಡಗುಗಳಿಗೆ ಸಂಖ್ಯೆ ಸಾಕು. ರಾಜನ ಹಡಗಿಗೆ ಹೆಸರು ಬೇಕು. ಆ ಹೆಸರು ಬಹಳ ಸಲ ಹಡಗಿನ ಮೂತಿಯ ಮೇಲಿನ ಕೆತ್ತನೆಯಿಂದಲೇ ಬರುತ್ತಿತ್ತು. 1016ರ ನೆಸ್ಯಾರ್ ಕದನದಲ್ಲಿ ರಾಜ ಒಲಾಫ್ ಹಾರಲ್ಡ್‌ಸನ್ ಏರಿದ್ದ ಹಡಗಿನ ಮೂತಿಯಲ್ಲಿ ಮನುಷ್ಯನ ತಲೆ ಇತ್ತು. ಅದರ ಹೆಸರು ‘ಕಾರ್ಲ್‌ಹೋಫ್ದಿ’, ಮನುಷ್ಯತಲೆ. ಆತನ ಇನ್ನೊಂದು ಹಡಗಿನ ಮೂತಿಯಲ್ಲಿ ಕಾಡುಕೋಣದ ಬಂಗಾರದ ತಲೆ. ಅದು ‘ವಿಸುಂಡ್’, ಕಾಡುಕೋಣ.

ಈ ತಲೆಗಳು ಅಲಂಕಾರವಷ್ಟೇ ಆಗಿರಲಿಲ್ಲ. ಐಸ್‌ಲೆಂಡಿನ ಪ್ರಾಚೀನ ಕಾನೂನಿನ ಪ್ರಕಾರ, ಬಾಯ್ದೆರೆದ ತಲೆಯ ಹಡಗು ನೆಲ ಕಾಣುವ ಮೊದಲೇ ಆ ತಲೆಯನ್ನು ಕಳಚಿಡಬೇಕಿತ್ತು. ಇಲ್ಲವಾದರೆ ನಾಡನ್ನು ಕಾಯುವ ಭೂದೈವಗಳು ಬೆದರುತ್ತವೆ ಎಂಬ ನಂಬಿಕೆ ಇತ್ತು. ಮೂತಿಯ ಮೇಲೆ ಮೃಗವನ್ನು ಕೂರಿಸುವ ಆಸೆ ನಮ್ಮ ಕಡಲಿಗೂ ಹೊಸದಲ್ಲ. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿದ, ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗಿನ ಮುಂಭಾಗದಲ್ಲಿ ಸಿಂಹ ಯಾಳಿಯಿದೆ, ಹಾಯಿಯ ಮೇಲೆ ಗಂಡಭೇರುಂಡವಿದೆ. ನಾರ್ಸ್ ಜನರು ಹಲಗೆಗಳನ್ನು ಒಂದರ ಮೇಲೊಂದು ಹೆಂಚಿನಂತೆ ಸೇರಿಸಿ ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಿದ್ದರು. ಕಟ್ಟುವ ಬಗೆ ಬೇರೆ, ಮೂತಿಯ ಆಸೆ ಒಂದೇ.

ಹೆಸರಿಟ್ಟ ಹಡಗುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ರಾಜ ಒಲಾಫ್ ಟ್ರಿಗ್ವಾಸನ್‌ನದು. ಐಸ್‌ಲೆಂಡಿನ ಸ್ನೊರ್ರಿ ಸ್ಟುರ್ಲುಸನ್ ಎರಡು ಶತಮಾನಗಳ ನಂತರ ಬರೆದಿಟ್ಟ ಕಥನದ ಪ್ರಕಾರ, ಒಲಾಫ್ ಉತ್ತರದ ಹಾಲೋಗಲೆಂಡ್‌ನಿಂದ ‘ಹಾವು’ ಎಂಬ ಹಡಗೊಂದನ್ನು ವಶಪಡಿಸಿಕೊಂಡು ಬಂದ. ಆಮೇಲೆ ಟ್ರಾಂಡ್‌ಹೈಮ್ ಬಳಿಯ ಲಾದೆಯಲ್ಲಿ ಅದೇ ಮಾದರಿಯಲ್ಲಿ, ಆದರೆ ಎಲ್ಲ ವಿಧದಲ್ಲೂ ದೊಡ್ಡದಾಗಿ, 34 ಅಂಕಣದ ಹೊಸ ಹಡಗನ್ನು ಕಟ್ಟಿಸಿದ. ಹೊಸದು ‘ಓರ್ಮೆನ್ ಲಾಂಗೆ’, ನೀಳ ಹಾವು ಎನಿಸಿಕೊಂಡಿತು. ಹಳೆಯದು ಅಂದಿನಿಂದ ‘ಗಿಡ್ಡ ಹಾವು’ ಆಯಿತು. ಒಂದು ಮಾದರಿಯನ್ನು ಮುಂದಿಟ್ಟುಕೊಂಡು ಇನ್ನೊಂದನ್ನು ಕಟ್ಟುವುದು, ಎರಡನ್ನೂ ಒಂದೇ ಹೆಸರಿನ ಕುಟುಂಬಕ್ಕೆ ಸೇರಿಸುವುದು: ಇಂದು ‘ವರ್ಗ’ ಎಂದು ಕರೆಯುವ ಪದ್ಧತಿಯ ಬೀಜವನ್ನು ಇಲ್ಲಿ ಕಾಣಬಹುದು.

ಆ ಹಡಗಿನ ಬಡಗಿಯ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೂತಿ ಮತ್ತು ಹಿಂಭಾಗದ ಕೆಲಸ ಥಾರ್‌ಬರ್ಗ್ ಎಂಬುವನದು. ಆತ ಊರಿಗೆ ಹೋಗಿ ಬರುವಷ್ಟರಲ್ಲಿ ಹಲಗೆ ಹೊದಿಸುವ ಕೆಲಸ ಮುಗಿದಿತ್ತು, ರಾಜ ಮೆಚ್ಚಿಯೂ ಆಗಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಹಡಗಿನ ಒಂದು ಪಕ್ಕದ ಹಲಗೆಗಳಿಗೆಲ್ಲ ಯಾರೋ ಆಳವಾಗಿ ಕಚ್ಚು ಹಾಕಿದ್ದರು. ಕೆರಳಿದ ರಾಜ ಅಪರಾಧಿಗೆ ಸಾವೇ ಶಿಕ್ಷೆ ಎಂದಾಗ ಥಾರ್‌ಬರ್ಗ್ ತಾನೇ ಎಂದು ಒಪ್ಪಿಕೊಂಡು, ಹಲಗೆಗಳನ್ನು ಆ ಕಚ್ಚುಗಳ ಆಳದವರೆಗೂ ಕೆತ್ತಿ ತೆಳುವಾಗಿಸಿ ನಯಗೊಳಿಸಿದ. ಆ ಪಕ್ಕವೇ ಹೆಚ್ಚು ಚೆಲುವೆಂದು ಎಲ್ಲರೂ ಒಪ್ಪಿದರು. ರಾಜನು ಇನ್ನೊಂದು ಪಕ್ಕವನ್ನೂ ಹಾಗೆಯೇ ಮಾಡಿಸಿ, ಆತನನ್ನೇ ಮುಖ್ಯ ಬಡಗಿಯನ್ನಾಗಿ ಮಾಡಿದ.

ಹೆಸರಿನಿಂದ ಆಗುವ ಉಪಯೋಗವನ್ನೂ ಇದೇ ಹಡಗಿನ ಕೊನೆಯ ದಿನ ತೋರಿಸುತ್ತದೆ. ಕ್ರಿ.ಶ. 1000ದ ಸುಮಾರಿಗೆ ನಡೆದ ಸ್ವೋಲ್ಡರ್ ಕದನಕ್ಕೆ ಮುನ್ನ ಒಲಾಫನ ಶತ್ರುಗಳು ಒಂದು ನಡುಗಡ್ಡೆಯ ಮೇಲೆ ನಿಂತು ಆತನ ಪಡೆ ಹಾದುಹೋಗುವುದನ್ನು ನೋಡುತ್ತಿದ್ದರಂತೆ. ದೊಡ್ಡ ಹಡಗು ಕಂಡಾಗಲೆಲ್ಲ ಡೆನ್ಮಾರ್ಕಿನ ದೊರೆ ‘ಇದೇ ನೀಳ ಹಾವು’ ಎನ್ನುತ್ತಿದ್ದ. ನಾರ್ವೆಯವನೇ ಆದ ಸರದಾರ ಎರಿಕ್ ಅಲ್ಲವೆಂದು ತಿದ್ದುತ್ತಿದ್ದ. ಮೂತಿಯಲ್ಲಿ ತಲೆಯಿಲ್ಲದ ಒಂದು ಹಡಗನ್ನು ನೋಡಿ ‘ಒಲಾಫ್ ಹೆದರಿ ತಲೆ ತೆಗೆಸಿದ್ದಾನೆ’ ಎಂದು ದೊರೆ ಹೇಳಿದಾಗ, ಹಾಯಿಯ ಪಟ್ಟೆಗಳಿಂದಲೇ ಅದು ಎರ್ಲಿಂಗ್ ಎಂಬ ಬೇರೊಬ್ಬ ಸರದಾರನದೆಂದು ಎರಿಕ್ ಗುರುತಿಸಿದ. ಕೊನೆಗೆ ನಿಜವಾದ ನೀಳ ಹಾವು ಕಂಡಾಗ ಯಾರಿಗೂ ಅನುಮಾನ ಉಳಿಯಲಿಲ್ಲ. ಕಥನದ ಬಣ್ಣವನ್ನು ಕಳೆದರೂ ಉಳಿಯುವ ಸಂಗತಿ ಇದು: ಹಡಗಿನ ಹೆಸರು, ಮೂತಿ, ಹಾಯಿ ಎಲ್ಲವೂ ಸೇರಿ ಒಳಗಿರುವವನು ಯಾರೆಂದು ದೂರದಿಂದಲೇ ಸಾರುತ್ತಿದ್ದವು.

ಕ್ರೈಸ್ತ ಧರ್ಮ ಬೇರೂರಿದ ಮೇಲೆ ಹಾವು, ಕೋಣಗಳ ಜಾಗಕ್ಕೆ ಪವಿತ್ರ ನಾಮಗಳು ಬಂದವು. ರಾಜ ಸ್ವೆರ್ರೆ 1180ರ ದಶಕದ ಆರಂಭದಲ್ಲಿ ಕಟ್ಟಿಸಿದ ಹಡಗು ‘ಮಾರಿಯಾಸೂದ್’. ‘ಸೂದ್’ ಎಂದರೆ ಹಲಗೆ ಹೊದಿಸಿದ ಹಡಗಿನ ಒಡಲು. ಹೆಸರಿನ ಅರ್ಥ ಮೇರಿಯ ಹಡಗು. ಕಟ್ಟುವ ನಡುವೆ ರಾಜನಿಗೆ ಅದು ಚಿಕ್ಕದೆನಿಸಿದ್ದರಿಂದ ಮಧ್ಯಕ್ಕೆ ಕತ್ತರಿಸಿ ಉದ್ದ ಮಾಡಲಾಯಿತು. ಹಾಗಾಗಿ ನಡುಭಾಗಕ್ಕೆ ಹೋಲಿಸಿದರೆ ಎರಡೂ ತುದಿಗಳು ಪುಟ್ಟದಾಗಿ ಕಾಣುತ್ತಿದ್ದವು, ಹಡಗು ಸುಂದರವಾಗಿರಲಿಲ್ಲ ಎಂದು ಆ ಕಾಲದ ಕಥನವೇ ಹೇಳುತ್ತದೆ. ಆದರೂ 1184ರ ಫಿಮ್ರೈಟೆ ಕದನದಲ್ಲಿ ಗೆದ್ದ ಪಡೆಯ ಮುಂದಾಳು ಹಡಗು ಅದೇ. ರಾಜ ಹಾಕೋನ್ ಹಾಕೋನ್ಸನ್ 1260ರ ದಶಕದಲ್ಲಿ ಬರ್ಗನ್‌ನಲ್ಲಿ ಕಟ್ಟಿಸಿದ ‘ಕ್ರಿಸ್ಟ್‌ಸೂದ್’ ಈ ಸಾಲಿನ ಇನ್ನೊಂದು ದೊಡ್ಡ ಹಡಗು.

ಇಂದಿನ ನಾರ್ವೆ: ಅಕ್ಷರ, ವರ್ಗ, ಹೆಸರು

ಈಗ ಆರಂಭದ ಪದಗಳಿಗೆ ಮರಳಬಹುದು. ನಮ್ಮ ರಸ್ತೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ. ‘ಬಸ್ಸು’ ಎಂಬುದು ವಾಹನದ ಬಗೆ. ‘ಐರಾವತ’ ಎಂಬುದು ಒಂದೇ ತರಹದ ಹಲವು ಬಸ್ಸುಗಳ ಗುಂಪು. ನೋಂದಣಿ ಸಂಖ್ಯೆ ಒಂದೇ ಒಂದು ಬಸ್ಸಿನದು. ಯುದ್ಧನೌಕೆಯಲ್ಲಿಯೂ ಇವೇ ಮೂರು ಮೆಟ್ಟಿಲು. ‘ಫ್ರಿಗೇಟ್’ ಬಗೆಯ ಹೆಸರು: ದೂರದ ಕಡಲಿನಲ್ಲಿ ಜಲಾಂತರ್ಗಾಮಿ, ವಿಮಾನ, ಹಡಗು ಮೂರನ್ನೂ ಎದುರಿಸಬಲ್ಲ ಮಧ್ಯಮ ಗಾತ್ರದ ನೌಕೆ. ‘ಕಾರ್ವೆಟ್’ ಅದಕ್ಕಿಂತ ಚಿಕ್ಕದು, ಕರಾವಳಿಗೆ ಹತ್ತಿರವಿರುವಂಥದ್ದು. ‘ವರ್ಗ’ ಎಂದರೆ ಒಂದೇ ನಕ್ಷೆಯಂತೆ ಕಟ್ಟಿದ ಅಕ್ಕತಂಗಿ ಹಡಗುಗಳು. ಆ ವರ್ಗಕ್ಕೆ ಸಾಮಾನ್ಯವಾಗಿ ಮೊದಲನೆಯ ಹಡಗಿನ ಹೆಸರೇ ಸಲ್ಲುತ್ತದೆ. ‘ಟೈಪ್ 26’ ಎಂಬುದು ಬ್ರಿಟನ್ ಕೊಟ್ಟ ನಕ್ಷೆಯ ಹೆಸರು. ಅದೇ ಮೂಲ ನಕ್ಷೆಯ ಹಡಗುಗಳನ್ನು ಆಸ್ಟ್ರೇಲಿಯಾ ‘ಹಂಟರ್ ವರ್ಗ’ ಎಂದೂ ಕೆನಡಾ ‘ರಿವರ್ ವರ್ಗ’ ಎಂದೂ ಕರೆಯುತ್ತವೆ.

‘ಕೆಎನ್‌ಎಂ’ ಎಂದರೆ ರಾಜಮನೆತನದ ನಾರ್ವೆ ನೌಕಾಪಡೆ ಎಂಬುದರ ಸಂಕ್ಷೇಪ. ನಮ್ಮ ‘ಐಎನ್‌ಎಸ್’ ಇದ್ದ ಹಾಗೆ. ‘ಎಫ್ 310’ ಎಂಬುದರಲ್ಲಿ ‘ಎಫ್’ ಫ್ರಿಗೇಟ್‌ನ ಗುರುತು. ಜಲಾಂತರ್ಗಾಮಿಗೆ ‘ಎಸ್’, ಗಸ್ತು ನೌಕೆಗೆ ‘ಪಿ’, ಸಿಡಿಗುಂಡು ತೆರವು ಮಾಡುವ ನೌಕೆಗೆ ‘ಎಂ’. ನಾಟೋ ಒಕ್ಕೂಟದ ದೇಶಗಳು ಈ ಅಕ್ಷರಗಳನ್ನು ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಸುತ್ತವೆ.

ಬಗೆಯ ಹೆಸರು ಕಲ್ಲಿನಲ್ಲಿ ಕೆತ್ತಿದ್ದಲ್ಲ. ನಾರ್ವೆಯ ‘ಶೋಲ್ಡ್’, ಅಂದರೆ ಗುರಾಣಿ ವರ್ಗದ ಆರು ನೌಕೆಗಳು 47 ಮೀಟರ್ ಉದ್ದದ, 60 ನಾಟ್‌ಗೂ (ಗಂಟೆಗೆ ಸುಮಾರು 110 ಕಿಲೋಮೀಟರ್) ಮಿಗಿಲಾದ ವೇಗದ ಹಡಗುಗಳು. ಮೊದಲು ಅವುಗಳನ್ನು ಟಾರ್ಪೆಡೊ ದೋಣಿಗಳೆಂದು ಕರೆದು, ನಂತರ ಕಾರ್ವೆಟ್ ಎಂದು ಬದಲಾಯಿಸಿದರು. ಡೆನ್ಮಾರ್ಕ್ ‘ಅಬ್ಸಲೋನ್’ ವರ್ಗದ ಎರಡು ಹಡಗುಗಳನ್ನು ಬಹುಕಾಲ ಬೆಂಬಲ ನೌಕೆಗಳೆಂದು ಪಟ್ಟಿ ಮಾಡಿ, 2020ರಲ್ಲಿ ಫ್ರಿಗೇಟ್ ಎಂದು ಮರುನಾಮಕರಣ ಮಾಡಿತು. ಅವುಗಳ ಮೈಮೇಲಿನ ‘ಎಲ್’ ಅಕ್ಷರ ‘ಎಫ್’ ಆಯಿತು. ಹಡಗು ಅದೇ, ಅದಕ್ಕೆ ವಹಿಸಿದ ಕೆಲಸ ಬದಲಾಯಿತು.

ಹೆಸರುಗಳಿಗೆ ಮಾತ್ರ ಬೇರೆಯದೇ ದಾರಿ. 20ನೆಯ ಶತಮಾನದ ಆರಂಭದಲ್ಲಿ ನಾರ್ವೆಯ ಹೊಸ ವಿಧ್ವಂಸಕ ನೌಕೆಗಳಿಗೆ ‘ದ್ರೌಗ್’, ‘ಟ್ರೋಲ್’, ‘ಗಾರ್ಮ್’ ಎಂದು ಜನಪದದ ಭೂತಗಳ, ಪುರಾಣದ ನಾಯಿಯ ಹೆಸರುಗಳಿದ್ದವು. 1930ರ ದಶಕದಲ್ಲಿ ‘ಓದಿನ್’, ‘ಬಾಲ್ಡರ್’, ‘ಥೋರ್’ ಎಂಬ ದೇವತೆಗಳು ಬಂದರು. 1960ರ ದಶಕದ ಫ್ರಿಗೇಟ್‌ಗಳು ಓಸ್ಲೋ, ಬರ್ಗನ್, ನಾರ್ವಿಕ್ ಮುಂತಾದ ನಗರಗಳ ಹೆಸರನ್ನು ಹೊತ್ತವು. 2006ರಿಂದ 2011ರ ನಡುವೆ ಸೇವೆಗೆ ಬಂದ ಐದು ಫ್ರಿಗೇಟ್‌ಗಳಿಗೆ ಅನ್ವೇಷಕರ ಹೆಸರುಗಳನ್ನು ಆರಿಸಲಾಯಿತು: ಫ್ರಿಟ್‌ಯೋಫ್ ನಾನ್ಸೆನ್, ರೋಲ್ಡ್ ಅಮುಂಡ್ಸೆನ್, ಓಟೊ ಸ್ವೆರ್‌ಡ್ರುಪ್, ಹೆಲ್ಗೆ ಇಂಗ್‌ಸ್ಟಾಡ್, ಥೋರ್ ಹೇಯರ್‌ಡಾಲ್. ಮೊದಲ ಮೂವರೂ ‘ಫ್ರಾಮ್’ ಎಂಬ ಒಂದೇ ಮರದ ಹಡಗಿನಲ್ಲಿ ಬೇರೆ ಬೇರೆ ಕಾಲದಲ್ಲಿ ಧ್ರುವಪ್ರದೇಶಗಳಿಗೆ ಹೋದವರು. ನಾಲ್ಕನೆಯವರು ಪತ್ನಿ ಆನ್ನೆ ಸ್ಟೀನೆಯವರೊಂದಿಗೆ ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ 1960ರಲ್ಲಿ ನಾರ್ಸ್ ಜನರ ಮನೆಗಳ ಅವಶೇಷಗಳನ್ನು ಕಂಡುಹಿಡಿದವರು. ಅವರ ಹೆಸರಿನ ಫ್ರಿಗೇಟ್ 2018ರ ನವೆಂಬರ್ 8ರಂದು ತೈಲವಾಹಕ ಹಡಗೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿತು. ಮೇಲೆತ್ತಿದರೂ ದುರಸ್ತಿ ಮಾಡದೆ ಗುಜರಿಗೆ ಹಾಕಬೇಕಾಯಿತು.

ಜಲಾಂತರ್ಗಾಮಿಗಳ ಹೆಸರಿನಲ್ಲಿ ನೆನಪಿನ ಎಳೆ ಇನ್ನೂ ಸ್ಪಷ್ಟ. ‘ಉಲಾ’ ವರ್ಗದ ಆರೂ ಹೆಸರುಗಳು ‘ಉ’ಕಾರದಿಂದಲೇ ಆರಂಭವಾಗುತ್ತವೆ: ಉಲಾ, ಉತ್ಸಿರಾ, ಉತ್‌ಸ್ಟೈನ್, ಉತ್‌ವೇರ್, ಉತ್‌ಹೌಗ್, ಉರೆಡ್. ಐದು ಊರು ಮತ್ತು ದ್ವೀಪಗಳ ಹೆಸರುಗಳು. ಆರನೆಯ ‘ಉರೆಡ್’ ಎಂದರೆ ಭಯವಿಲ್ಲದ್ದು. ಅದೇ ಹೆಸರಿನ ಜಲಾಂತರ್ಗಾಮಿಯೊಂದು 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಒಳಗಿದ್ದ ಎಲ್ಲರೊಂದಿಗೆ ಮುಳುಗಿತ್ತು.

ಮರ ಉಳಿಸಿಕೊಂಡದ್ದು

ರೋಸ್ಕಿಲ್ಡೆಯ ಫ್ಯೋರ್ಡಿನಿಂದ ಬಂದ ಐದು ಹಡಗುಗಳಲ್ಲಿ ಇನ್ನೊಂದು ಯುದ್ಧನೌಕೆಯೂ ಇದೆ. ಸುಮಾರು 30 ಮೀಟರ್ ಉದ್ದ, ನಾಲ್ಕು ಮೀಟರಿಗೂ ಕಡಿಮೆ ಅಗಲ, 60 ಹುಟ್ಟು. ಹಲಗೆಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಿದ ತಜ್ಞರು ಅದನ್ನು 1042ರಲ್ಲಿ ಐರ್‌ಲೆಂಡಿನ ಡಬ್ಲಿನ್ ಸುತ್ತಮುತ್ತಲಿನ ಓಕ್ ಮರದಿಂದ ಕಟ್ಟಿದ್ದೆಂದು ಕಂಡುಕೊಂಡರು. 30 ಅಂಕಣದ ಹಡಗು, ಯಾವನೋ ದೊಡ್ಡ ಸರದಾರನ ಸ್ಕೈಡ್. ಇಷ್ಟನ್ನು ಹಲಗೆಗಳೇ ಹೇಳುತ್ತವೆ. ಅಷ್ಟು ದೊಡ್ಡ ಹಡಗನ್ನು ಅದರ ಜನರು ಹೆಸರು ಹಿಡಿದೇ ಕರೆದಿರಬೇಕು. ಆ ಹೆಸರನ್ನು ಮರ ಉಳಿಸಿಕೊಳ್ಳಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಅದು ಪಕ್ಕದ ಹಳ್ಳಿಯ ಹೆಸರಿನಿಂದ ‘ಸ್ಕುಲ್ಡೆಲೆವ್ 2’ ಎನಿಸಿಕೊಂಡಿದೆ. ಅದರ ಅಳತೆಗೆ ಸರಿಯಾಗಿ, ಅಂಕಣಕ್ಕೆ ಅಂಕಣ ಹೊಂದಿಸಿ ಡೆನ್ಮಾರ್ಕಿನ ಬಡಗಿಗಳು ಹೊಸ ಹಡಗೊಂದನ್ನು ಕಟ್ಟಿದರು. 2007ರಲ್ಲಿ ಅದು ಸುಮಾರು 60 ಜನರನ್ನು ಹೊತ್ತು ಡಬ್ಲಿನ್‌ಗೆ ಹೊರಡುವ ಮೊದಲೇ ಅದಕ್ಕೊಂದು ಹೆಸರನ್ನು ಇಡಲಾಗಿತ್ತು: ‘ಹಾವ್‌ಹಿಂಗ್‌ಸ್ಟೆನ್’, ಕಡಲ ಗಂಡುಕುದುರೆ.